ನೋಡೋಣ ಅಂದವರ ಕಾಲಂ

ಕಥೆಗೆ ಉಪ್ಪುಖಾರ ಹಚ್ಚುವುದು ನನ್ನ ಚಟ. ಇದನ್ನು ಮಾತ್ರ ನಡೆದ ಹಾಗೆಯೇ ಬಡಿಸುತ್ತೇನೆ. ಅನುಮಾನವಿದ್ದರೆ ಅಮೆರಿಕದ ನಮ್ಮೂರು ಕೆಂಡಲ್ ಪಾರ್ಕಿನಲ್ಲಿ ಯಾರನ್ನಾದರೂ ಕೇಳಿ. ಫೋನಿನಲ್ಲಿ ಕೇಳಬೇಡಿ, ಆ ಕಡೆ ಮಾತಾಡುವವನು ನಾನೇ ಇರಬಹುದು.

ಹೊಸ ಶತಮಾನಕ್ಕೆ ಕಂಪ್ಯೂಟರುಗಳು ಕೈಕೊಡುತ್ತವೆಂದು ನಮಗೆಲ್ಲ ಕೈತುಂಬ ಕೆಲಸ ಸಿಕ್ಕಿದ್ದ ವರ್ಷ. ನಮ್ಮ ಕನ್ನಡ ಬಳಗದ ಸುಪ್ರಿಯಾಗೆ ಭಾನುವಾರದ ಕನ್ನಡ ಕ್ಲಾಸ್ ಶುರುಮಾಡುವ ಆಸೆ. ಅವಳ ಅತ್ತೆ ಕಮಲವ್ವ ಬಾಗಲಕೋಟೆಯಿಂದ ಬಂದಿದ್ದರು, ಅಜ್ಜಿ ಏನೇ ಹೇಳಿದರೂ ಮೊಮ್ಮಗಳು ಸನ್ನಿಧಿ "ವಾಟ್?" ಅನ್ನುತ್ತಿದ್ದಳು. ಲೈಬ್ರರಿಯವರು ಕೋಣೆ ಕೊಡಬೇಕಾದರೆ ಹನ್ನೆರಡು ಮಕ್ಕಳಾದರೂ ಬೇಕು, ಸೋಮವಾರದೊಳಗೆ ತಿಳಿಸಬೇಕು. ಮನೆಮನೆಗೆ ಪ್ರಶ್ನೆಗಳ ಹಾಳೆ ಹೋಯಿತು. ಉತ್ತರಗಳ ಲೆಕ್ಕ ಹಾಕಿದವನು ನನ್ನ ರೂಮ್‌ಮೇಟ್, ಹುಬ್ಬಳ್ಳಿಯ ವೀರೇಂದ್ರ. ಔಷಧ ಕಂಪನಿಯೊಂದರಲ್ಲಿ ಅವನಿಗೆ ಇದೇ ಕೆಲಸ.

"ಹೌದು ಅಂದವರಿಂದ ಆರ ಹುಡುಗ್ರು. ಉಳಿದವ್ರೆಲ್ಲಾ ಇಲ್ಲ," ಅಂದ.

"ಅಷ್ಟೂ ಜನ ಇಲ್ಲ ಅಂದ್ಬಿಟ್ರಾ?" ಸುಪ್ರಿಯಾಳ ಮುಖ ಸಣ್ಣದಾಯಿತು.

"'ನೋಡೋಣ' ಅಂತ ಬರದಾರ್ರಿ. ಅಂದ್ರ ಇಲ್ಲ ಅಂತನ. ಡೇಟಾ ಕ್ಲೀನ್ ಮಾಡೀನಿ."

ಕ್ಲೀನ್ ಅಲ್ಲ, ಕ್ಲೀನ್ ಶೇವ್! ಸಂಜೆ ಸುಪ್ರಿಯಾಳ ಮನೆಯಿಂದ ಅವನಿಗೆ ಫೋನ್ ಮಾಡಿದೆ, ಕಮಲವ್ವನ ದನಿಯಲ್ಲಿ. ನಿಜವಾದ ಕಮಲವ್ವ ಪಕ್ಕದಲ್ಲೇ ಸೆರಗು ಕಚ್ಚಿಕೊಂಡು ಕೂತಿದ್ದರು.

"ಏ ವೀರೇಂದ್ರಾ, ಭಾನುವಾರ ಹೋಳಿಗಿ ಮಾಡಾಕತ್ತೀನಿ. ಬರ್ತಿಯೇನಪಾ?"

"ನೋಡೋಣ್ರಿ ಅವ್ವಾರ."

ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತವನು ಅವನೇ. ಕಮಲವ್ವ ಎಲ್ಲರಿಗೂ ತಟ್ಟೆ ಹಾಕಿದರು, ಅವನನ್ನು ಮಾತ್ರ ದಾಟಿ ಮುಂದೆ ಹೋದರು.

"ಅವ್ವಾರ, ನನಗ?"

"ನೀ ಒಲ್ಲೆ ಅಂದಿದ್ದಿಯಲ್ಲಪಾ."

"ನಾ ಎಲ್ಲಿ ಒಲ್ಲೆ ಅಂದೆ? ನೋಡೋಣ ಅಂದಿದ್ದೆ!"

"ಹಂಗಂದ್ರ?"

"ಹಂಗಂದ್ರ... ಶನಿವಾರ ಆಫೀಸಿನಾಗ ರಿಲೀಸ್ ಕೆಲಸ ಇತ್ತ್ರಿ. ಅದು ಮುಗದ್ರ ಬರ್ತೀನಿ ಅಂತ."

ಸುಪ್ರಿಯಾ ತುಪ್ಪದ ಬಟ್ಟಲು ಕೆಳಗಿಟ್ಟಳು. "ಹಾಗಾದ್ರೆ ಅವರದ್ದೂ ಏನೋ ಒಂದು ಮುಗಿಬೇಕಿರಬಹುದಲ್ವಾ, ವೀರೇಂದ್ರ?"

ಅವನು ಖಾಲಿ ಮೇಜನ್ನೇ ದಿಟ್ಟಿಸಿದ. ಆಮೇಲೆ ಎದ್ದು, ನೋಡೋಣ ಅಂದವರಿಗೆಲ್ಲ ಫೋನ್ ಮಾಡತೊಡಗಿದ. ಬರ್ತೀರಾ ಎಂದು ಯಾರನ್ನೂ ಕೇಳಲಿಲ್ಲ, "ಏನ್ ಆದ್ರ ಬರ್ತೀರಿ?" ಎಂದು ಕೇಳಿದ. ಒಬ್ಬರ ಪ್ರಾಜೆಕ್ಟ್ ಟೆಕ್ಸಸ್‌ಗೆ ಹೋಗುವ ಹಾಗಿತ್ತು, ಅದು ಖಚಿತವಾಗುವವರೆಗೆ ಮಕ್ಕಳನ್ನು ಕಳಿಸುತ್ತಾರಂತೆ. ಇನ್ನೊಬ್ಬರ ಮಗನಿಗೆ ಭಾನುವಾರ ಸಾಕರ್ ಆಟ ಇತ್ತು, ಅದು ಅಪ್ಪಟ 'ಇಲ್ಲ'. ಆದರೆ ಬಹಳ ಮನೆಗಳದ್ದು ಒಂದೇ ತೊಡಕು: ಮನೆಯಲ್ಲಿ ಒಂದೇ ಕಾರು, ಭಾನುವಾರ ಅದು ಅಪ್ಪನ ಜೊತೆ ಆಫೀಸಿನಲ್ಲಿ. ಯಾರಾದರೂ ಕರೆದುಕೊಂಡು ಹೋದರೆ ಮಕ್ಕಳು ರೆಡಿ.

"ಸುಪ್ರಿಯಾ ಅವರ, ಹದಿನಾಲ್ಕು ಹುಡುಗ್ರು ಆದ್ರು! ನೋಡೋಣ ಅಂದವರಿಗೆ ಬ್ಯಾರೇ ಕಾಲಂ ಹಾಕಬೇಕಿತ್ತು, ನಂದ ತಪ್ಪು."

ಸನ್ನಿಧಿ ಓಡಿ ಹೋಗಿ ಅವನ ಮುಂದೆ ತಟ್ಟೆ ಇಟ್ಟಳು. ಎರಡು ಹೋಳಿಗೆ ಬಿದ್ದವು. ಅವನು ಬಗ್ಗಿ ತಿನ್ನುತ್ತಿದ್ದಾಗ ಹಿಂದಿನಿಂದ ಕಮಲವ್ವನ ದನಿ ಬಂತು:

"ಮುಂದಿನ ವಾರ ಹುಡುಗರನ್ನ ನೀನ ಕರಕೊಂಡು ಹೋಗ್ತಿಯೇನಪಾ?"

"ನೋಡೋ..." ಎಂದವನು ನಾಲಿಗೆ ಕಚ್ಚಿಕೊಂಡ. "ಹೋಗ್ತೀನ್ರಿ ಅವ್ವಾರ! ಖರೇನ ಹೋಗ್ತೀನಿ!"

ತಲೆ ಎತ್ತಿದರೆ ಕಮಲವ್ವ ಎದುರಿಗೇ ಕೂತಿದ್ದಾರೆ, ಬಾಯಿತುಂಬ ಹೋಳಿಗೆ. ಅವನು ನಿಧಾನಕ್ಕೆ, ಹಿಂದೆ ನಿಂತಿದ್ದ ನನ್ನತ್ತ ತಿರುಗಿದ.

"ಲೇ ಗುರ್ಯಾ! ಅವತ್ತ ಫೋನ್ ಮಾಡಿದವನೂ ನೀನ ಏನಲೇ?"

"ನೋಡೋಣ," ಅಂದೆ.

ಎಲ್ಲರೂ ನಕ್ಕರು. ಮೇಜು ಗುದ್ದಿ, ಕಣ್ಣೊರೆಸಿಕೊಂಡು, ಎಲ್ಲರ ನಗು ನಿಂತ ಮೇಲೂ ನಗುತ್ತಿದ್ದವನು ವೀರೇಂದ್ರ.