ಮೂರನೇ ಚಕ್ರದ ಕಡ್ಡಿ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ರಾತ್ರಿ ಹನ್ನೊಂದೂವರೆಗೆ ಬಂದಿಳಿದ ವಿಮಾನದ ಚಕ್ರಗಳೊಳಗೆ ಬ್ರೇಕುಗಳು ತಣಿಯುತ್ತಿದ್ದ ಸದ್ದು ಅದು. ಒಲೆಯಿಂದ ಇಳಿಸಿಟ್ಟ ಬಾಣಲೆಯೂ ಹೀಗೇ ಸದ್ದು ಮಾಡುತ್ತದೆ. ವಿಮಾನ ಮತ್ತೆ ಹೊರಡಲು ಐವತ್ತು ನಿಮಿಷವಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡು, ಅದರ ಉದ್ದ ತಂತಿ ಎಳೆದುಕೊಂಡು, ರೆಕ್ಕೆಯ ಕೆಳಗೆ ನಿಂತಿದ್ದೆ. ಮೇಲೆ ಕೂತ ಪೈಲಟ್ ಆಡುವ ಮಾತು ಕೇಳುವುದು ನನಗೊಬ್ಬಳಿಗೇ.

"ಬ್ರೇಕ್ ತುಂಬಾ ಬಿಸಿಯಾಗಿದೆ. ಚಕ್ರಕ್ಕೆ ಅಡ್ಡ ಕೊಟ್ಟಿದ್ದೀರಲ್ಲ? ತಣ್ಣಗಾಗ್ಲಿ, ಬ್ರೇಕ್ ಬಿಟ್ಟಿರ್ತೀನಿ" ಎಂದರು ಪೈಲಟ್.

"ಹ್ಞೂಂ" ಎಂದೆ.

ಅಪ್ಪ ತೀರಿಕೊಂಡು ಏಳು ವಾರವಾಗಿತ್ತು. ಆಗಿನಿಂದ ನಾನು ಎಲ್ಲದಕ್ಕೂ ಹ್ಞೂಂಗುಟ್ಟುತ್ತಿದ್ದೆ. ಊಟ ಆಯ್ತಾ? ಹ್ಞೂಂ. ನಿದ್ದೆ ಬಂತಾ? ಹ್ಞೂಂ. ಮನೆ ಬಿಡುವಾಗ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿ, ಮೆಟ್ಟಿಲಿಳಿದ ಮೇಲೆ ನಾಲ್ಕನೇ ಸಲ ಹತ್ತಿಹೋಗಿ ನೋಡುವವಳು ನಾನು. ಆದರೆ ಬಾಯಿಂದ ಹೊರಡುವ ಆ ಒಂದು ಸದ್ದಿಗೆ ಮಾತ್ರ ಕಾವಲಿರಲಿಲ್ಲ.

ಭಾವ ಟಾರ್ಚ್ ಹಿಡಿದು ಬಂದರು. ನನ್ನ ಅಕ್ಕನ ಗಂಡ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನನಗೆ ಕಲಿಸಿದ್ದೂ ಅವರೇ. ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಸಣ್ಣ ಉಕ್ಕಿನ ಸ್ಕೇಲು. ಅದು ಬೇಕಿರುವುದು ಬೇರೆಯವರ ಸಮಾಧಾನಕ್ಕೆ, ತನಗೆ ಕಣ್ಣೇ ಸಾಕು ಎಂದು ಅವರ ಜಂಬ. ಅಕ್ಕ ಕಿಟಕಿಗೆ ಪರದೆ ಹಾಕಿದರೆ, "ಎಡಗಡೆ ಮೂರು ಮಿಲಿಮೀಟರ್ ಇಳಿದಿದೆ ಕಣೇ" ಎನ್ನುತ್ತಾರೆ. "ನಿಮ್ಮ ಕಣ್ಣಿಗಿಷ್ಟು ಮಣ್ಣು ಹಾಕ!" ಎಂದು ಅಕ್ಕ ಸ್ಟೂಲ್ ಹತ್ತುತ್ತಾಳೆ. ಅಳೆದು ನೋಡಿದರೆ ಮೂರೇ ಇರುತ್ತದೆ.

ಪ್ರತಿ ಚಕ್ರದ ಬ್ರೇಕಿನಿಂದ ಸಣ್ಣ ಕಡ್ಡಿಯೊಂದು ಹೊರಗೆ ಚಾಚಿರುತ್ತದೆ. ಬ್ರೇಕ್ ಸವೆದಂತೆ ಅದು ಒಳಗೆ ಹೋಗುತ್ತದೆ. ಕಡ್ಡಿಯ ತುದಿ ಅಂಚಿಗೆ ಪೂರ್ತಿ ಸಮವಾದರೆ ಆ ಬ್ರೇಕಿನ ಆಯಸ್ಸು ಮುಗಿಯಿತು, ಬದಲಾಯಿಸದೆ ವಿಮಾನ ಬಿಡುವಂತಿಲ್ಲ. ಆದರೆ ಪೈಲಟ್ ಬ್ರೇಕ್ ಹಾಕಿಟ್ಟಾಗ ಮಾತ್ರ ಕಡ್ಡಿ ನಿಜ ಹೇಳುತ್ತದೆ. ಬ್ರೇಕ್ ಬಿಟ್ಟಿದ್ದಾಗ ಅಳೆದರೆ ಇರುವುದಕ್ಕಿಂತ ಉದ್ದ ತೋರಿಸುತ್ತದೆ.

"ಪುಟ್ಟೀ, ಬ್ರೇಕ್ ಹಾಕಿದಾರಾ?"

"ಹ್ಞೂಂ."

ಭಾವ ಮಂಡಿಯೂರಿ ಕೂತರು. "ಒಂದನೇದು ಚೆನ್ನಾಗಿದೆ. ಎರಡನೇದೂ ಪರವಾಗಿಲ್ಲ. ಮೂರನೇದು ನೋಡು, ಎರಡೇ ಮಿಲಿಮೀಟರು. ನನ್ನ ಹಾಗೇ, ರಿಟೈರ್ ಆಗೋಕೆ ಬಂದಿದೆ. ಇವತ್ತಿಗೆ ಅಡ್ಡಿಯಿಲ್ಲ." ನಾಲ್ಕನೆಯದನ್ನೂ ನೋಡಿ ಸಹಿ ಹಾಕಿದರು. ವಿಮಾನ ಹೊರಟಿತು.

ಕೋಣೆಗೆ ಬಂದು ಕೆಟಲಿನಲ್ಲಿ ನೀರು ಕಾಯಿಸಿದೆ. ಭಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಸ್ವಿಚ್ ಆರಿದ ಮೇಲೆ ಕೆಟಲಿನ ತಳ ಟಿಕ್ ಎಂದಿತು. ಬ್ರೇಕ್ ಬಿಟ್ಟಿರ್ತೀನಿ ಎಂದ ಆ ದನಿ ಆಗ ನನ್ನ ಕಿವಿಗೆ ಬಿತ್ತು. ಒಂದು ಗಂಟೆ ತಡವಾಗಿ.

ಜೀವ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ಲೋಟಕ್ಕೆ ನೀರು ಸುರಿದೆ, ಸಕ್ಕರೆ ಹಾಕಿದೆ, ಕಲಕಿದೆ. ನೂರ ಅರವತ್ತೆಂಟು ಜನ ಆಕಾಶದಲ್ಲಿದ್ದರು. ಒಂದು ಬ್ರೇಕ್ ಕೈಕೊಟ್ಟರೂ ಉಳಿದ ಮೂರು ಹಿಡಿಯುತ್ತವೆ ಎಂದು ಓದಿದ್ದನ್ನು ಮನಸ್ಸಿನಲ್ಲೇ ಒಪ್ಪಿಸಿದೆ. ಆಮೇಲೆ ಕಾರಿಡಾರಿಗೆ ಹೋಗಿ, ಅದು ಇಳಿಯಬೇಕಾದ ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಬಂದ ತಕ್ಷಣ ಮೂರನೇ ಬ್ರೇಕ್ ನೋಡಿ. ಬ್ರೇಕ್ ಹಾಕಿಸ್ಕೊಂಡೇ ನೋಡಿ."

"ಯಾಕಮ್ಮಾ? ನಿಮ್ಮ ಭಾವ ನೋಡಿದ್ಮೇಲೆ ದೇವರೂ ನೋಡೋಲ್ಲ."

"ತುಂಬಾ ಬಿಸಿ ಇತ್ತು, ಅದಕ್ಕೆ."

ನಿಜ ಹೇಳಿದ್ದರೆ ಪೈಲಟ್‌ಗೆ ಸುದ್ದಿ ಮುಟ್ಟುತ್ತಿತ್ತು, ಹುಷಾರಾಗಿ ಇಳಿಸುತ್ತಿದ್ದರು. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಅದಕ್ಕೂ ಹೆದರಿಕೆಯಾಗಲಿಲ್ಲ, ಬರೀ ಗೊತ್ತಿತ್ತು.

ಮೂರು ಗಂಟೆಗೆ ಫೋನ್ ಬಂದಾಗ ಮೊದಲು ಕೈಚಾಚಿದವರು ಭಾವ.

"ಇಳೀತಾ? ಏನು ತೊಂದರೆ ಆಗ್ಲಿಲ್ವಲ್ಲ? ಸರಿ. ಏನು? ಕಡ್ಡಿ ಸಮ ಆಗಿದ್ಯಾ? ಪೂರ್ತಿನಾ?" ಬಹಳ ಹೊತ್ತು ಕೇಳಿಸಿಕೊಂಡರು. "ಒಂದು ಸಲ ಇಳಿದರೆ ಅಷ್ಟು ಸವೆಯಲ್ಲ ಕಣಪ್ಪಾ. ನನಗೆ ಸಮಾಧಾನ ಹೇಳ್ಬೇಡ. ಬದಲಾಯಿಸಿ."

ಫೋನ್ ಇಟ್ಟು, ಜೇಬಿನಿಂದ ಸ್ಕೇಲು ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು.

"ಎರಡು ಅಂತಲೇ ಕಂಡಿತ್ತು, ಪುಟ್ಟೀ." ಆಮೇಲೆ ನನ್ನ ಕಡೆ ತಿರುಗಿದರು. "ಬ್ರೇಕ್ ಹಾಕಿತ್ತಲ್ವಾ?"

ಆ ಪ್ರಶ್ನೆ ನನಗೆ ಪೂರ್ತಿ ಕೇಳಿಸಿತು, ಒಂದೊಂದು ಅಕ್ಷರವೂ.

"ಹ್ಞೂಂ" ಎಂದೆ.

ಅವರು ತಲೆಯಾಡಿಸಿದರು. ನನ್ನ ಮಾತನ್ನು ಅನುಮಾನಿಸುವುದು ಅವರಿಗೆ ತೋಚಲೇ ಇಲ್ಲ. ಫಾರಂ ಎಳೆದುಕೊಂಡು, ಅಳತೆ ಓದಿದ್ದರಲ್ಲಿ ತಪ್ಪು ತಮ್ಮದೇ ಎಂದು ದುಂಡಗೆ ಬರೆದರು. "ಕಣ್ಣು ಕೈಕೊಡ್ತು. ನಾಳೆಯಿಂದ ಸ್ಟೋರ್‌ನಲ್ಲಿ ಕೂತ್ಕೋತೀನಿ ಅಂತ ಸಾಹೇಬರಿಗೆ ಹೇಳ್ತೀನಿ. ನಿಮ್ಮಕ್ಕನಿಗೆ ಹೇಳ್ಬೇಡ. ಬೇಕಂತಲೇ ಪರದೆ ಸೊಟ್ಟ ಹಾಕ್ತಾಳೆ." ನಗಲು ನೋಡಿದರು. ಸ್ಕೇಲನ್ನು ನನ್ನ ಮುಂದೆ ಮೇಜಿನ ಮೇಲಿಟ್ಟರು.

ಬೆಳಿಗ್ಗೆ ಅವರ ಕಾರಿನಲ್ಲೇ ಹೊರಟೆವು. ಭಾವ ಸ್ಟೀರಿಂಗಿನ ಮೇಲೆ ಬಗ್ಗಿ, ಹಸಿರು ದೀಪವನ್ನೂ ಎರಡು ಸಲ ನೋಡಿ ಮುಂದೆ ಹೋದರು. ನಿನ್ನೆಯವರೆಗೆ ಒಂದು ಕೈಯಲ್ಲಿ ಓಡಿಸುತ್ತಿದ್ದರು.

ಅಕ್ಕ ಪರದೆ ಒಗೆದು ಹಾಕಿದ್ದಳು. "ಎಲ್ಲಿ, ತಪ್ಪು ಹುಡುಕಿ ನೋಡೋಣ" ಎಂದು ಕಾಫಿ ತರಲು ಒಳಗೆ ಹೋದಳು. ಭಾವ ಕಿಟಕಿಯ ಮುಂದೆ ನಿಂತೇ ಇದ್ದರು.

"ಎಡಗಡೆ ಇಳಿದ ಹಾಗಿದೆ," ಎಂದರು ಸಣ್ಣ ದನಿಯಲ್ಲಿ, "ಅಲ್ವಾ? ಇಲ್ಲ ನನಗೇ ಹಾಗೆ ಕಾಣ್ತಿದೆಯಾ?"

ಇಳಿದಿತ್ತು. ಒಂದು ಬೆರಳಗಲ.

"ಇಳಿದಿದೆ ಭಾವ. ನಿಮಗೆ ಸರಿಯಾಗೇ ಕಾಣ್ತಿದೆ."

"ನನ್ನ ಮನಸ್ಸು ನೋಯಬಾರದು ಅಂತ ಹೇಳ್ತೀಯ" ಎಂದು ನನ್ನ ತಲೆ ಸವರಿದರು. ಅಕ್ಕ ಕಾಫಿ ತಂದು ಕೇಳಿದಾಗ, "ಚೆನ್ನಾಗಿದೆ, ಸಮವಾಗಿದೆ" ಎಂದರು. ಅಕ್ಕ ಅವರ ಮುಖವನ್ನೇ ನೋಡಿದಳು.

ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ. ಬಾಗಿಲು ಹಾಕಿತ್ತೇ ಎಂದು ಮೂರು ಸಲ ನೋಡಿದೆ. ಜೇಬಿನಲ್ಲಿ ಅವರ ಸ್ಕೇಲು ತಣ್ಣಗಿತ್ತು. ಒಂದು ಮಾತು ಹೇಳಿದರೆ ಅವರ ಕಣ್ಣು ಅವರಿಗೆ ವಾಪಸ್ ಬರುತ್ತಿತ್ತು. ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಪೂರ್ತಿ ಆಡಿ ನೋಡಿದೆ. ಆಮೇಲೆ ಕೈಗೆ ಸೋಪು ಹಚ್ಚಿದೆ. ಭಾವನಿಗೆ ಹೇಳುವುದಿಲ್ಲ. ಅಕ್ಕನಿಗೂ ಇಲ್ಲ. ಯಾರಿಗೂ ಇಲ್ಲ.

"ಕಾಫಿ ಆರಿಹೋಗ್ತಿದೆ, ಬರ್ತೀಯೇನೇ?" ಎಂದು ಅಕ್ಕ ಕೂಗಿದಳು.

"ಹ್ಞೂಂ" ಎಂದೆ.