ವಾಸನೆ ತೆಗೆದ ಸಾರಾಯಿ

ನನ್ನ ಅತ್ತೆ ಪಾರ್ವತಮ್ಮನವರ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಾಲು ಒಡೆಯುವ ಒಂದು ಗಂಟೆ ಮುಂಚೆಯೇ ಅವರಿಗೆ ಗೊತ್ತಾಗುತ್ತದೆ. ನನ್ನ ಗಂಡ ಶಾಂತರಾಜು ಕಾಲೇಜಿನಲ್ಲಿದ್ದಾಗ ಸೇದಿದ ಒಂದೇ ಒಂದು ಸಿಗರೇಟನ್ನು, ಅದೂ ಒಗೆದು ಒಣಗಿದ ಅಂಗಿಯಲ್ಲಿ, ಪತ್ತೆ ಮಾಡಿದವರು ಅವರು. ಅಂಥ ಮೂಗನ್ನು ಏಮಾರಿಸಲು ಹೊರಟ ಗಂಡನನ್ನು ಪೆದ್ದ ಎಂದು ಬೈದೆ. ಬೈದು, ಜೊತೆಗೂ ನಿಂತೆ.

ಮಾವ ಸಣ್ಣಯ್ಯನವರಿಗೆ ಬೆಲ್ಲದ ಸಾರಾಯಿ ಎಂದರೆ ಪ್ರಾಣ. ಕುಡಿದ ದಿನ ಅತ್ತೆ ಅವರಿಗೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ, ಜಗಲಿಯಲ್ಲೇ ಚಾಪೆ. ತೀರಿಹೋಗುವ ವಾರ ಮಾವ ಮಗನ ಕೈ ಹಿಡಿದು, "ಒಂದ್ ಗುಟುಕು ಕೊಡು ಕಣ್ಲಾ" ಎಂದು ಕೇಳಿದ್ದರು. ಡಾಕ್ಟರ್ ಬೇಡ ಎಂದಿದ್ದರಿಂದ ಇವರು ಕೊಡಲಿಲ್ಲ. ಆ ಸಂಕಟ ಇವರನ್ನು ಇವತ್ತಿಗೂ ಬಿಟ್ಟಿಲ್ಲ.

ಪಕ್ಷದ ಹಬ್ಬಕ್ಕೆ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಪದ್ಧತಿ. ಮಾವ ತೀರಿಹೋದ ಮೇಲಿನ ಮೂರು ವರ್ಷವೂ ಅವರ ಎಲೆಗೆ ಬಾಡಿನ ಸಾರು, ವಡೆ, ಬೀಡಿಕಟ್ಟು ಎಲ್ಲ ಬಂದವು. ಸಾರಾಯಿ ಮಾತ್ರ ಇಲ್ಲ.

"ಬದುಕಿದ್ದಾಗ್ಲೇ ಆ ವಾಸ್ನೆ ಒಳೀಕೆ ಬಿಡ್ನಿಲ್ಲ, ಈಗ ಬಿಟ್ಟೇನಾ?" ಎನ್ನುತ್ತಿದ್ದರು ಅತ್ತೆ.

"ಅಪ್ಪ ಬಾಯಾರ್ಕೊಂಡೇ ವಾಪಸ್ ಓಯ್ತಾ ಅವ್ರೆ ಕಣೇ," ಎಂದು ಇವರು ನನ್ನ ಹತ್ತಿರ ಗೋಳಾಡುವರು. ಐವತ್ತು ವರ್ಷದ ಗಂಡಸು ಹೀಗೆ ಹೇಳಿ ಕಣ್ಣೊರೆಸಿಕೊಂಡರೆ ಯಾರಿಗೆ ತಾನೇ ಕರುಳು ಚುರುಕ್ ಎನ್ನುವುದಿಲ್ಲ?

ಇವರಿಗೆ ಗೊರೂರಿನ ಹತ್ತಿರ ಕುಡಿಯುವ ನೀರಿನ ಘಟಕದಲ್ಲಿ ಫಿಲ್ಟರ್ ನೋಡಿಕೊಳ್ಳುವ ಕೆಲಸ. ಈ ಸಲ ಉಪಾಯ ಅಲ್ಲಿಂದಲೇ ಬಂತು. "ಇದ್ದಲು ವಾಸ್ನೇನೆಲ್ಲ ಈರ್ಕೊಂಬುಡ್ತದೆ. ವಾಸ್ನೆ ತೆಗೆದ್ರೆ ನೀರಿನ ಲೋಟ ಅಂತ ಎಲೆ ಪಕ್ಕ ಇಟ್ಬುಡೋದು!"

ಅಂಗಡಿಯ ಬ್ರಾಂದಿಗೆ ಬಣ್ಣವಿದೆ, ಮಾವ ಅದನ್ನು ಮುಟ್ಟಿದವರೂ ಅಲ್ಲ. ಹಾಗಾಗಿ ಹರದನಹಳ್ಳಿಯಲ್ಲಿ ನೆಂಟ ಭೀಮನ ತೋಟದ ಮನೆಯಲ್ಲಿ ಒಂದೇ ಒಂದು ಬಾಟಲಿ ಕಳ್ಳಬಟ್ಟಿ ತಯಾರಾಯಿತು. "ಪೊಲೀಸ್ರು ಇಡ್ಕೊಂಡೋದ್ರೆ ಬಿಡಿಸಾಕೆ ಬರಲ್ಲ, ಟಿಫನ್ ಬಾಕ್ಸೂ ತರಲ್ಲ," ಎಂದೆ. ಇವರು ಚನ್ನರಾಯಪಟ್ಟಣದಿಂದ ಒಂದು ಚೀಲ ತೆಂಗಿನ ಚಿಪ್ಪು ತಂದು ಸುಟ್ಟು, ಪುಡಿ ಮಾಡಿ, ಪೈಪಿಗೆ ತುಂಬಿದರು. ಮೊದಲ ಸಲ ಇಳಿದದ್ದು ಕಾಡಿಗೆಯಂಥ ಕಪ್ಪು ನೀರು. ಇದ್ದಲನ್ನು ತೊಳೆಯುವುದನ್ನೇ ಮರೆತಿದ್ದರು! ದಿನಾ ಫಿಲ್ಟರ್ ತೊಳೆಯುವ ಮನುಷ್ಯ! ಭೀಮ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಆಮೇಲೆ ಹತ್ತು ನೀರಿನಲ್ಲಿ ತೊಳೆದು, ಪೈಪಿನ ತಳಕ್ಕೆ ಹತ್ತಿಯಿಟ್ಟು, ಹನಿ ಹನಿಯಾಗಿ ಐದು ಸಲ ಇಳಿಸಿದರು. ಕೊನೆಗೆ ಅರ್ಧಕ್ಕರ್ಧ ನೀರು ಬೆರೆಸಿ ನನ್ನ ಮುಂದೆ ಹಿಡಿದರು. ಮೂಗನ್ನು ಲೋಟದೊಳಗೇ ತೂರಿಸಿದರೆ ಮಾತ್ರ ಚೂರು ಚುರ್ ಎನ್ನುತ್ತಿತ್ತು.

ಹಬ್ಬದ ಸಂಜೆ ಅತ್ತೆ ಒಂದೊಂದನ್ನೂ ಮೂಸಿ ಪಾಸು ಮಾಡಿದರು. ಬಾಡಿನ ಸಾರಿಗೆ ಕೊತ್ತಂಬರಿ ಕಮ್ಮಿ, ವಡೆ ಎಣ್ಣೆ ಹಳೇದು. ಲೋಟದ ಹತ್ತಿರ ಬಂದಾಗ ಇವರು ಕೆಂಡಕ್ಕೆ ಇನ್ನೊಂದು ಹಿಡಿ ಸಾಂಬ್ರಾಣಿ ಸುರಿದರು. ನೀರನ್ನು ಯಾರು ಮೂಸುತ್ತಾರೆ? ಅತ್ತೆ ಮುಂದೆ ಹೋದರು. ಬಾಗಿಲು ಮುಚ್ಚಿತು. ಹೊರಗೆ ಇವರು ಕೈಮುಗಿದು, "ಕುಡೀಲಿ, ಅಪ್ಪ ಕುಡೀಲಿ," ಎಂದು ತುಟಿಯಲ್ಲೇ ಅನ್ನುತ್ತಿದ್ದರು. ನಾನೂ ಕೈಮುಗಿದೆ.

ಒಂದನ್ನು ನಾವಿಬ್ಬರೂ ಮರೆತಿದ್ದೆವು. ಬೆಳಗಿನಿಂದ ಉಪವಾಸವಿದ್ದ ಅತ್ತೆ ಉಪವಾಸ ಬಿಡುವುದು ಮಾವನ ಎಡೆಯ ನೀರು ಕುಡಿದೇ.

ಬಾಗಿಲು ತೆಗೆದವರೇ ಲೋಟ ಎತ್ತಿ ಗಟಗಟ ಸುರಿದುಕೊಂಡರು. "ಅವ್ವಾ!" ಎಂದು ಇವರು ಕೂಗುವಷ್ಟರಲ್ಲಿ ಅರ್ಧ ಒಳಗೆ ಹೋಗಿತ್ತು. ಅತ್ತೆಯ ಕಣ್ಣು ಅಗಲವಾಯಿತು, ಕೆಮ್ಮು ನೆತ್ತಿಗೇರಿತು. ನಾನು ಬೆನ್ನು ತಟ್ಟಿದೆ. ಇವರು ನೆಲ ನೋಡುತ್ತ ಎಲ್ಲ ಒಪ್ಪಿಕೊಂಡರು: ಭೀಮನ ತೋಟ, ಚಿಪ್ಪಿನ ಇದ್ದಲು, ಅಪ್ಪ ಕೇಳಿದ ಗುಟುಕು.

ಬೈಗುಳಕ್ಕೆ ಕಾದು ನಿಂತೆವು. ಅತ್ತೆ ಅಲ್ಲೇ ಕುಕ್ಕರಿಸಿ, ಲೋಟವನ್ನು ಮೂಗಿಗೆ ಹಿಡಿದು ಜೋರಾಗಿ ಎಳೆದರು. ಮತ್ತೆ ಎಳೆದರು.

"ಏನೂ ಇಲ್ವಲ್ಲಾ," ಎಂದರು. ದನಿ ಇಳಿದಿತ್ತು. "ಜಗಲಿಯಿಂದ ಆ ದರಿದ್ರ ವಾಸ್ನೆ ಕಿಟಕೀಲಿ ಬಂದ್ಮೇಲೇ ನಂಗೆ ನಿದ್ದೆ ಬರ್ತಿದ್ದುದ್ದು. ಸದ್ಯ, ಮನೆ ಸೇರ್ಕೊಂಡವ್ರೆ ಅಂತ."

ಇವರು ತಾಯಿಯ ಪಕ್ಕ ಕುಳಿತುಬಿಟ್ಟರು. ಅತ್ತೆ ಮಗನ ತಲೆಗೆ ಮೊಟಕಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕೂಬಿಟ್ಟರು.

"ಬರೋ ವರ್ಸ ಸೋಸ್ಬ್ಯಾಡ ಕಣ್ಲಾ. ವಾಸ್ನೆ ಇಲ್ದೆ ಅವ್ರು ಬಂದವ್ರೋ ಇಲ್ವೋ ನಂಗೆಂಗ್ ಗೊತ್ತಾಗ್ಬೇಕು?"