ಎರಡನೇ ಸೂಜಿ

"ಈ ಸೂಜಿಮದ್ದು ಹಿಂದೆ ಯಾವಾಗಲಾದರೂ ಹಾಕಿಸ್ಕೊಂಡಿದ್ದೀರೇನಮ್ಮಾ?" ಹೊಸಕೋಟೆಯ ಡಾಕ್ಟರು ಕೇಳಿದರು.

"ಇಲ್ಲ ಸ್ವಾಮಿ, ಇದೇ ಮೊದಲು," ಎಂದಳು ಅಮ್ಮಯಮ್ಮ.

ಪಕ್ಕದಲ್ಲಿದ್ದ ಗಂಡ ಪಿಳ್ಳಪ್ಪ ಏನೋ ಹೇಳಹೋದವನು ಅವಳ ನೋಟಕ್ಕೆ ಸುಮ್ಮನಾದ. ಮೊನ್ನೆಯಷ್ಟೇ ದೇವನಹಳ್ಳಿಯಲ್ಲಿ ಅದೇ ಮದ್ದು ಹಾಕಿಸಿದ್ದರು. ಹೃದಯ ಸೋತು ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಇಳಿಸುವ ಮದ್ದು. "ವಾರಕ್ಕೆ ಒಂದೇ. ಆತುರಪಟ್ಟರೆ ನೀರಿನ ಜೊತೆ ಜೀವಾನೂ ಇಳಿದುಹೋದೀತು," ಎಂದಿದ್ದರು ಅಲ್ಲಿನ ಡಾಕ್ಟರು.

ಸೂಜಿ ಹಾಕಿಸಿಕೊಂಡು ಹೊರಗೆ ಬಂದ ಮೇಲೆ ಪಿಳ್ಳಪ್ಪ ಗದರಿದ. "ಯಾಕೆ ಸುಳ್ಳು ಹೇಳ್ದೆ?"

"ಅವ್ವ ಇಂಥಾ ಊದಿದ ಕಾಲಲ್ಲೇ ಸತ್ಲು. ಪಾಪಕ್ಕ ಕಣ್ಣಾರೆ ನೋಡವ್ಳೆ. ಈ ಊತ ಹೊತ್ಕೊಂಡು ಅವಳ ಬಾಗಿಲಿಗೆ ಹೋಗ್ಲಾ? ಒಂದು ದಿನ ಮೊದಲಿನಂಗೆ ಕಾಣಿಸ್ಬೇಕು. ಅಷ್ಟೇ."

ತಾಯಿ ಸತ್ತಾಗ ತಂಗಿ ಪಾಪಕ್ಕ ಇನ್ನೂ ಲಂಗದ ಹುಡುಗಿ. ಅಮ್ಮಯಮ್ಮನೇ ಸಾಕಿ, ಜಡಿಗೇನಹಳ್ಳಿಗೆ ಧಾರೆಯೆರೆದು ಕೊಟ್ಟಿದ್ದಳು. ಯುದ್ಧ ಬಂದು ಬಸ್ಸುಗಳು ಕಡಿಮೆಯಾದವು. ಆಮೇಲೆ ಇವಳ ಕಾಲುಗಳು ಊದಿಕೊಂಡವು. ಮುಖ ನೋಡದೆ ವರ್ಷಗಳೇ ಕಳೆದಿದ್ದವು. ತನ್ನೂರು ಆವತಿಯ ಮನೆಯಲ್ಲಿ ಸಂಜೆ ಒಲೆ ಹಚ್ಚುವಾಗೆಲ್ಲ, "ಅವಳು ಈಗ ಏನು ಬೇಯಿಸ್ತಿದ್ದಾಳೋ," ಎಂದು ತನ್ನಷ್ಟಕ್ಕೇ ಅಂದುಕೊಳ್ಳುವಳು. ಕೊನೆಗೆ ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುತ್ತಿದ್ದ ಬಸ್ಸು ಹತ್ತಿ, ಹೊಗೆ ಕುಡಿಯುತ್ತ ಹೊಸಕೋಟೆಗೆ ಬಂದಿದ್ದರು.

ಊಟ ಮುಗಿಸಿ ಜಡಿಗೇನಹಳ್ಳಿಗೆ ಬಾಡಿಗೆ ಎತ್ತಿನಗಾಡಿ ಹಿಡಿದರು. ದಾರಿಯಲ್ಲಿ ಅಮ್ಮಯಮ್ಮ ಮತ್ತೆ ಮತ್ತೆ ಗಾಡಿ ನಿಲ್ಲಿಸಿ ಲಂಟಾನ ಪೊದೆಯ ಮರೆಗೆ ಹೋದಳು. ಪ್ರತಿ ಸಲವೂ ಬಂದು ಪಾದ ನೋಡಿಕೊಂಡಳು. ಹಿಮ್ಮಡಿಯ ಮೇಲಿನ ಮೂಳೆ ಕಂಡಾಗ ನಕ್ಕಳು. ಆಮೇಲೆ ನಾಲಿಗೆ ಒಣಗಿತು. ಮೀನಖಂಡಗಳು ಹಗ್ಗ ಹೊಸೆದಂತೆ ಹಿಂಡಿದವು. ಇನ್ನೊಮ್ಮೆ ಇಳಿಯಲು ಹೋದವಳು ಕಣ್ಣು ಕತ್ತಲಿಟ್ಟು ಚಕ್ರದ ಪಕ್ಕ ಕುಸಿದಳು.

"ಅಗೋ, ಊರು ಕಾಣ್ತೈತೆ, ನಡೀರಿ," ಎಂದು ಗಂಡನ ಪಂಚೆ ಹಿಡಿದು ಬೇಡಿದಳು. ದೂರದಲ್ಲಿ ಜಡಿಗೇನಹಳ್ಳಿಯ ಹುಣಸೆಮರಗಳು ನಿಜವಾಗಿಯೂ ಕಾಣುತ್ತಿದ್ದವು. ಪಿಳ್ಳಪ್ಪ ಆ ಕಡೆ ನೋಡಲಿಲ್ಲ. "ಎತ್ತು ತಿರುಗಿಸಪ್ಪಾ," ಎಂದ.

ಹೊಸಕೋಟೆಯ ಡಾಕ್ಟರ ಮುಂದೆ ನಿಂತು ಅವನೇ ನಿಜ ಹೇಳಿದ. ಅವರು ಬೈಯಲಿಲ್ಲ. ಅವಳನ್ನು ಅಂಗಾತ ಮಲಗಿಸಿ, ಉಪ್ಪು ಹಾಕಿದ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಿದರು. "ನೀರು ಒಂದೇ ಸಲ ಹೋದ್ರೆ ಮೈಯ ಉಪ್ಪೂ ಹೋಗುತ್ತಮ್ಮಾ. ನೀವು ಮೊದಲೇ ಹೇಳಿದ್ರೆ ನಾನು ಸೂಜಿ ಮುಟ್ತಾನೇ ಇರ್ಲಿಲ್ಲ."

ಗಾಡಿಯವನ ಕೈಲಿ ಜಡಿಗೇನಹಳ್ಳಿಗೆ ಸುದ್ದಿ ಹೋಯಿತು. ಬೆಳಗ್ಗೆ ಪಾಪಕ್ಕ ಬಂದಳು. ಅಮ್ಮಯಮ್ಮ ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡಳು. ಪಾಪಕ್ಕ ಕಂಬಳಿ ಸರಿಸಿ, ಊತ ಇಳಿದು ಸುಕ್ಕಾದ ಚರ್ಮ ನೋಡಿದಳು.

"ಯಾವಾಗಿಂದ ಅಕ್ಕಯ್ಯಾ?"

"ನಿಂಗೆ ಹೆಂಗೆ ಹೇಳ್ಲಿ ಅಂತ..."

"ಅವ್ವನ ಕಾಲು ಒತ್ತಿದೋಳು ನಾನಲ್ವಾ? ನಂಗೆ ಹೇಳ್ದೆ ಇನ್ಯಾರ್ಗೆ ಹೇಳ್ತೀಯಾ?"

ಅಮ್ಮಯಮ್ಮನ ಕಣ್ಣು ತುಂಬಿತು. ಪಾಪಕ್ಕ ಮಂಚದ ತಲೆಕಡೆ ಕೂತು ಅಕ್ಕನ ತುರುಬು ಬಿಚ್ಚಿದಳು. ಪ್ರಯಾಣದ ಧೂಳಿಗೆ ಕೂದಲು ಸಿಕ್ಕುಗಟ್ಟಿತ್ತು. ಬಾಚಣಿಗೆ ಇರಲಿಲ್ಲ. ಬೆರಳಿನಲ್ಲೇ, ನೋಯದಂತೆ, ಒಂದೊಂದೇ ಎಳೆ ಬಿಡಿಸತೊಡಗಿದಳು.